ಎಕ್ಸ್‌ರೇ ಕೋರ್ಸಿಗೆ ಸೇರುವ ಮೊದಲು ಓಪಿಡಿ ಸಾಲು ನೋಡಿ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದ ವಾರ ನಿಮ್ಮ ಪುರವಣಿಯಲ್ಲಿ ‘ಮುಂದೇನು?’ ಅಂತ ಒಂದು ಪುಟ ಬಂದಿತ್ತು. ಅದರಲ್ಲಿ ಕಾಲು ಪುಟ ರೇಡಿಯಾಲಜಿ ಟೆಕ್ನಾಲಜಿ ಕೋರ್ಸ್ ಬಗ್ಗೆ. ನಾನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ 24 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಮ್ಮ ಬಗ್ಗೆ ಪೇಪರಿನಲ್ಲಿ ಬರುವುದೇ ಅಪರೂಪ. ರಾಂಟ್ಜೆನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದದ್ದು ನವೆಂಬರ್ 8ರಂದು. ಪ್ರತಿ ವರ್ಷ ಆ ದಿನ ನಾವೇ ದುಡ್ಡು ಹಾಕಿ ಕೇಕ್ ತಂದು ನಾವೇ ತಿನ್ನುತ್ತೇವೆ, ಇನ್ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಖುಷಿಯಿಂದಲೇ ಓದಲು ಕೂತೆ. ಕಾಫಿ ಮುಗಿಯುವಷ್ಟರಲ್ಲಿ ಆ ಖುಷಿ ಅರ್ಧಕ್ಕೆ ಇಳಿದಿತ್ತು.

ಮೊದಲು ಸಣ್ಣ ತಪ್ಪು. ಫೋಟೋದಲ್ಲಿರುವ ಹುಡುಗಿಯನ್ನು ‘ರೇಡಿಯಾಲಜಿಸ್ಟ್’ ಅಂತ ಬರೆದಿದ್ದೀರಿ. ರೇಡಿಯಾಲಜಿಸ್ಟ್ ಅಂದರೆ ಡಾಕ್ಟರು, ಎಂಬಿಬಿಎಸ್ ಆದ ಮೇಲೆ ಮತ್ತೆ ಓದಿ ಬಂದವರು. ಚಿತ್ರ ನೋಡಿ ರಿಪೋರ್ಟ್ ಬರೆಯುವುದು ಅವರು, ಚಿತ್ರ ತೆಗೆಯುವುದು ನಾವು. ಹೋಗಲಿ, ಇದಕ್ಕೆ ನನಗೆ ಬೇಜಾರಿಲ್ಲ. ನಮ್ಮ ಓನರ್ ಅಜ್ಜಿ ಇವತ್ತಿಗೂ ನನ್ನನ್ನು ‘ಆಸ್ಪತ್ರೇಲಿ ಫೋಟೋ ತೆಗೆಯೋಳು’ ಅಂತಲೇ ಪರಿಚಯ ಮಾಡಿಸುತ್ತಾರೆ.

ಎರಡನೆಯದು ದೊಡ್ಡ ತಪ್ಪು. ಈ ಕೋರ್ಸ್ ಮಾಡಿದರೆ ‘ಗರ್ಭಿಣಿಯರ ಸ್ಕ್ಯಾನಿಂಗ್ ಸೆಂಟರ್ ತೆರೆಯಬಹುದು’ ಅಂತ ಬರೆದಿದ್ದೀರಿ. ದಯವಿಟ್ಟು ಇದನ್ನು ತಿದ್ದಿ. ನಮ್ಮ ದೇಶದಲ್ಲಿ ಗರ್ಭಿಣಿಯರಿಗೆ ಅಲ್ಟ್ರಾಸೌಂಡ್ ಮಾಡುವುದು ಅದಕ್ಕೆ ಅರ್ಹತೆ ಇರುವ ಡಾಕ್ಟರು, ಟೆಕ್ನಾಲಜಿಸ್ಟ್ ಅಲ್ಲ. ಹೆಣ್ಣು ಭ್ರೂಣದ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆ ಇದೆ, ನೋಂದಣಿ ಇಲ್ಲದೆ ಮಷಿನ್ ಇಟ್ಟುಕೊಂಡರೂ ಕೇಸು. ಊರಿನ ಯಾರೋ ಅಪ್ಪ ನಿಮ್ಮ ಪೇಪರ್ ನಂಬಿ ಮಗನಿಗೆ ಸೆಂಟರ್ ಹಾಕಿಸಿಕೊಡೋಣ ಅಂತ ಜಮೀನು ಮಾರಿದರೆ?

ಮೂರನೆಯದು ತಪ್ಪು ಅಂತ ಹೇಳಲಾರೆ. ಆದರೆ ಈ ಪತ್ರ ಬರೆಯಲು ಅದೇ ಕಾರಣ. ‘ಎಸಿ ರೂಮು, ಆಧುನಿಕ ಯಂತ್ರ, ಬಟನ್ ಒತ್ತಿದರೆ ಆಯಿತು’ ಅಂತ ಬರೆದು, ಕೆಳಗೆ ಕೋರ್ಸಿನ ಹೆಸರು, ಪಿಯುಸಿಯಲ್ಲಿ ಯಾವ ಸಬ್ಜೆಕ್ಟ್ ಇರಬೇಕು, ಎಷ್ಟು ವರ್ಷ ಅಂತ ಒಂದು ಬಾಕ್ಸ್ ಹಾಕಿದ್ದೀರಿ. ಕಾಲೇಜು ಆರಿಸುವುದು ಹೇಗೆ ಅನ್ನುವುದಕ್ಕೆ ಒಂದೇ ಸಾಲು: ‘ಉತ್ತಮ ಮೂಲಸೌಕರ್ಯವಿರುವ ಕಾಲೇಜನ್ನು ಆರಿಸಿಕೊಳ್ಳಿ’. ಇಡೀ ವಿಷಯ ಇರುವುದು ಅಲ್ಲೇ. ಅಲ್ಲೇ ನೀವು ಬೇಗ ಬೇಗ ಮುಗಿಸಿಬಿಟ್ಟಿದ್ದೀರಿ.

ನನ್ನ ಅಕ್ಕನ ಮಗಳು ಈ ಸಲ ಪಿಸಿಎಂಬಿಯಲ್ಲಿ ಪಾಸಾದಳು. ಅಕ್ಕ ನಿಮ್ಮ ಪುಟವನ್ನು ಕತ್ತರಿಸಿ ಇಟ್ಟುಕೊಂಡು ನನಗೆ ಫೋನ್ ಮಾಡಿದಳು. ‘ನೀನು ಮಾಡ್ತಿರೋ ಕೆಲಸಾನೇ ಅಂತೆ ಕಣೇ, ಎಷ್ಟು ಚೆನ್ನಾಗಿದೆ ಅಂತ ಪೇಪರ್‌ನಲ್ಲಿ ಬಂದಿದೆ, ನೀನು ಯಾವತ್ತೂ ಹೇಳಲೇ ಇಲ್ವಲ್ಲ’ ಅಂದಳು. ಶನಿವಾರ ರಜೆ ಹಾಕಿ ಮೂವರೂ ಕಾಲೇಜು ನೋಡಲು ಹೊರಟೆವು.

ಮೊದಲು ಹೋದ ಕಾಲೇಜಿನ ಹೆಸರು ಬೇಡ. ಗಾಜಿನ ಕಟ್ಟಡ. ರಿಸೆಪ್ಷನ್ನಿನಲ್ಲಿ ಮೀನಿನ ತೊಟ್ಟಿ. ನಮಗೆ ಬಾದಾಮಿ ಹಾಲು ಕೊಟ್ಟರು. ಕ್ಯಾಂಟೀನು, ಹಾಸ್ಟೆಲ್ಲು, ಸ್ಮಾರ್ಟ್ ಕ್ಲಾಸು ಎಲ್ಲ ತೋರಿಸಿದರು. ಎಕ್ಸ್‌ರೇ ರೂಮು ತೋರಿಸಿ ಅಂದೆ. ಬೀಗದ ಕೈ ಹುಡುಕಲು ಹತ್ತು ನಿಮಿಷ ಬೇಕಾಯಿತು. ನನಗೆ ಆಗಲೇ ಅರ್ಥವಾಯಿತು. ಒಳಗೆ ಮಷಿನ್ ಇತ್ತು, ಪರವಾಗಿಲ್ಲ, ಒಳ್ಳೆಯ ಮಷಿನ್ನೇ. ಮೈತುಂಬ ಪ್ಲಾಸ್ಟಿಕ್ ಹೊದಿಕೆ. ಸೀಸದ ಏಪ್ರನ್ ಎರಡನ್ನು ಸೀರೆ ಮಡಿಸಿದ ಹಾಗೆ ನೀಟಾಗಿ ಮಡಿಸಿ ಬೀರುವಿನಲ್ಲಿ ಇಟ್ಟಿದ್ದರು. ಏಪ್ರನ್ ಮಡಿಸಬಾರದು. ಮಡಿಸಿದ ಕಡೆ ಒಳಗಿನ ಸೀಸದ ಪದರ ಬಿರುಕು ಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ವಿಕಿರಣ ಮಾತ್ರ ಆ ಬಿರುಕಿನಲ್ಲಿ ತೂರಿ ಬರುತ್ತದೆ. ಅದಕ್ಕೇ ಹ್ಯಾಂಗರಿಗೆ ನೇತು ಹಾಕುತ್ತೇವೆ. ಮೊದಲ ವಾರ ಕಲಿಸುವ ಪಾಠ ಇದು.

‘ಪೇಷೆಂಟ್ ಎಲ್ಲಿ ಸರ್?’ ಅಂತ ಕೇಳಿದೆ.

‘ಆಸ್ಪತ್ರೆ ಜೊತೆ ಟೈ-ಅಪ್ ಇದೆ ಮೇಡಂ.’

‘ಯಾವ ಆಸ್ಪತ್ರೆ? ದಿನಕ್ಕೆ ಎಷ್ಟು ಎಕ್ಸ್‌ರೇ ಆಗುತ್ತೆ?’

ಅವರು ಸೀಲಿಂಗ್ ನೋಡಿದರು. ಅಕ್ಕ ನನ್ನ ಸೆರಗು ಜಗ್ಗಿ ‘ಸಾಕು ಬಾರೇ, ಬಾದಾಮಿ ಹಾಲು ಕುಡಿದು ಇಷ್ಟೊಂದು ಪ್ರಶ್ನೆ ಕೇಳ್ತಾರಾ’ ಅಂದಳು.

ಎರಡನೆಯ ಕಾಲೇಜು ಒಂದು ಹಳೆಯ ಆಸ್ಪತ್ರೆಯ ಹಿಂದೆ ಇತ್ತು. ಬಣ್ಣ ಹೋದ ಗೋಡೆ. ಬಾದಾಮಿ ಹಾಲಿನ ಮಾತು ಬಿಡಿ, ಕೂರಲು ಕುರ್ಚಿಯೂ ಇಲ್ಲ. ಎಕ್ಸ್‌ರೇ ಕೋಣೆಯ ಮುಂದೆ ಬೆಳಗ್ಗೆ ಹತ್ತಕ್ಕೇ ಐವತ್ತು ಜನ. ಸ್ಟ್ರೆಚರ್ ಮೇಲೆ ಒಬ್ಬ ಮುದುಕ, ಕೈಗೆ ಬಟ್ಟೆ ಸುತ್ತಿಕೊಂಡ ಗಾರೆ ಕೆಲಸದ ಹುಡುಗ, ಅಳುವ ಮಗು. ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತಿತ್ತು, ಆರುತ್ತಿತ್ತು. ಒಳಗೆ ನಾಲ್ಕು ವಿದ್ಯಾರ್ಥಿಗಳು, ನಾಲ್ವರ ಎದೆಯ ಮೇಲೂ ವಿಕಿರಣ ಅಳೆಯುವ ಬ್ಯಾಡ್ಜ್. ನಾನು ಅಕ್ಕನಿಗೆ ‘ಇಲ್ಲೇ ಸೇರಿಸು’ ಅಂದೆ. ಮಗಳಿಗೆ ಮಾತ್ರ ಮೀನಿನ ತೊಟ್ಟಿಯೇ ಇಷ್ಟವಾಗಿತ್ತು.

ಸಂಪಾದಕರೇ, ಈ ಕೆಲಸ ಕಲಿಯುವುದು ಮೈ ಮುಟ್ಟಿ, ಅದೂ ಬೇರೆಯವರ ನೋವಿನ ಮೈ. ಎದೆಯ ಎಕ್ಸ್‌ರೇ ತಗೊಳ್ಳಿ, ಎಲ್ಲಕ್ಕಿಂತ ಸುಲಭ ಅಂತ ಎಲ್ಲರೂ ಅಂದುಕೊಳ್ಳುವುದು ಅದನ್ನೇ. ರೋಗಿ ಗೋಡೆಯ ಸ್ಟ್ಯಾಂಡಿಗೆ ಎದೆ ಆನಿಸಿ ನಿಲ್ಲಬೇಕು. ಗದ್ದ ಮೇಲೆ, ಕೈ ಸೊಂಟದ ಮೇಲೆ, ಮೊಣಕೈ ಮುಂದಕ್ಕೆ. ಹಾಗೆ ತಳ್ಳಿದರೆ ಮಾತ್ರ ಬೆನ್ನಿನ ಹಲಗೆ ಮೂಳೆ ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುತ್ತದೆ. ಎಕ್ಸ್‌ರೇ ಹೊರಡುವ ಟ್ಯೂಬು 72 ಇಂಚು ದೂರ ಇರಬೇಕು, ಹತ್ತಿರ ತಂದರೆ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಉದ್ದ ಜಡೆ ಇದ್ದರೆ ಮೇಲೆತ್ತಿ ಕಟ್ಟಿಸಬೇಕು. ಇಲ್ಲದಿದ್ದರೆ ಜಡೆಯ ನೆರಳು ಶ್ವಾಸಕೋಶದ ತುದಿಗೆ ಬಿದ್ದು, ಇಲ್ಲದ ಟಿಬಿಯ ಅನುಮಾನ ಶುರುವಾಗುತ್ತದೆ. ಆಮೇಲೆ ತಾಳಿ. ತೆಗೆಯಿರಿ ಅಂದರೆ ಎಷ್ಟೋ ಹೆಂಗಸರು ಅಳುಮುಖ ಮಾಡುತ್ತಾರೆ. ನನಗೆ ಕೆಲಸ ಕಲಿಸಿದ ಸೀನಿಯರ್ ಮೇಡಂ ತಮ್ಮ ಡ್ರಾಯರಿನಲ್ಲಿ ಅರಿಶಿನದ ದಾರದ ಉಂಡೆ ಇಟ್ಟುಕೊಂಡಿರುತ್ತಿದ್ದರು. ಒಂದು ಎಳೆ ಕತ್ತರಿಸಿ ‘ಇದನ್ನ ಕಟ್ಕೊಳಮ್ಮ, ಆಮೇಲೆ ಅದನ್ನ ಬಿಚ್ಚಿ ಸೊಸೆ ಕೈಗೆ ಕೊಡು’ ಅನ್ನುತ್ತಿದ್ದರು. ಯಾವ ಸಿಲಬಸ್ಸಿನಲ್ಲೂ ಈ ದಾರ ಇಲ್ಲ. ಈಗ ನನ್ನ ಡ್ರಾಯರಿನಲ್ಲೂ ಒಂದು ಉಂಡೆ ಇದೆ.

ಇಷ್ಟೆಲ್ಲ ಆದ ಮೇಲೆ ಉಸಿರು. ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡಬೇಡಿ.’ ಬೆಂಗಳೂರಿನಲ್ಲಿ ಇದನ್ನು ಒಂದೇ ಭಾಷೆಯಲ್ಲಿ ಹೇಳಿದರೆ ಸಾಲದು. ‘ಮೂಚ್ಚು ಇಳುಂಗ’, ‘ಊಪಿರಿ ಪೀಲ್ಚಂಡಿ’, ‘ಸಾಂಸ್ ಲೀಜಿಯೇ’ ಎಲ್ಲ ಬರಬೇಕು. ಈಗ ಕಟ್ಟಡ ಕೆಲಸಕ್ಕೆ ಒಡಿಶಾ, ಬಂಗಾಳದ ಕಡೆಯಿಂದ ಬಂದವರು ಜಾಸ್ತಿ. ಅವರಿಗೆ ನಾನೇ ಎದುರು ನಿಂತು ಉಸಿರೆಳೆದು ಕೆನ್ನೆ ಉಬ್ಬಿಸಿ ತೋರಿಸುತ್ತೇನೆ. ಬಟನ್ ಒತ್ತುವುದು ಇದೆಲ್ಲ ಆದ ಮೇಲೆ. ಒಂದು ಸೆಕೆಂಡೂ ಹಿಡಿಯುವುದಿಲ್ಲ.

ಇನ್ನೊಂದು ಸಂಗತಿ ಹೇಳುತ್ತೇನೆ. ಕಳೆದ ವರ್ಷ ಹೊರಗಿನ ಕಾಲೇಜಿನಿಂದ ಇಂಟರ್ನ್‌ಶಿಪ್ಪಿಗೆ ಬಂದ ಹುಡುಗ ಒಬ್ಬ ಇದ್ದ. ಜಾಣ. ಕಂಪ್ಯೂಟರ್ ನನಗಿಂತ ಚೆನ್ನಾಗಿ ಬರುತ್ತಿತ್ತು. ಒಬ್ಬ ಹೆಂಗಸಿನ ಎದೆಯ ಎಕ್ಸ್‌ರೇ ತೆಗೆದ. ಸ್ಕ್ರೀನಿನಲ್ಲಿ ನೋಡಿದರೆ ಹೃದಯ ಬಲಗಡೆಗೆ ಇದೆ. ‘ಅಯ್ಯೋ, ಇಮೇಜ್ ತಿರುಗಿದೆ’ ಅಂದುಕೊಂಡು ಒಂದು ಕ್ಲಿಕ್ ಮಾಡಿ ‘ಸರಿ’ ಮಾಡಿದ. ಹೃದಯ ಎಡಕ್ಕೆ ಬಂತು. ಇನ್ನೇನು ಡಾಕ್ಟರಿಗೆ ಕಳಿಸಬೇಕು, ನಾನು ಹಿಂದಿನಿಂದ ನೋಡಿದೆ. ನಾವು ಪ್ರತಿ ಚಿತ್ರಕ್ಕೂ ಬಲ ಯಾವುದು, ಎಡ ಯಾವುದು ಅಂತ ಸೀಸದ ಅಕ್ಷರ ಅಂಟಿಸುತ್ತೇವೆ, ಬಲಕ್ಕೆ ಇಂಗ್ಲಿಷಿನ ‘ಆರ್’. ಆ ಚಿತ್ರದಲ್ಲಿ ‘ಆರ್’ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇತ್ತು. ಮತ್ತೆ ಮೊದಲಿನ ಹಾಗೆ ತಿರುಗಿಸಿದೆವು. ಆಕೆಯ ಹೃದಯ ನಿಜವಾಗಿಯೂ ಬಲಗಡೆಗೇ ಇತ್ತು. ಹುಟ್ಟಿನಿಂದ ಹಾಗೆ ಇರುವವರು ಕೆಲವರು ಇದ್ದಾರೆ.

ಹುಡುಗ ಬಿಳಿಚಿಕೊಂಡ. ‘ಕಾಲೇಜಿನಲ್ಲಿ ಎಷ್ಟು ಎದೆ ಎಕ್ಸ್‌ರೇ ತೆಗೆದಿದ್ದೆ?’ ಅಂತ ಕೇಳಿದೆ. ಮೂರು ವರ್ಷದಲ್ಲಿ ಹನ್ನೊಂದು ಅಂದ. ಅದರಲ್ಲಿ ನಾಲ್ಕು ಅವನ ಕ್ಲಾಸ್‌ಮೇಟ್‌ಗಳನ್ನು ನಿಲ್ಲಿಸಿ ಸುಮ್ನೆ ಪೊಸಿಷನ್ ಮಾಡಿದ್ದು, ಮಷಿನ್ ಆನ್ ಮಾಡಿಲ್ಲ. ನಮ್ಮಲ್ಲಿ ಒಂದು ಬೆಳಗ್ಗೆಗೆ ಅದಕ್ಕಿಂತ ಹೆಚ್ಚು ಆಗುತ್ತದೆ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಫೀಸು ಕಟ್ಟಲು ಅವನ ಅಪ್ಪ ಟ್ರ್ಯಾಕ್ಟರ್ ಅಡವಿಟ್ಟಿದ್ದರು.

ಕಾನೂನು ಇಲ್ಲ ಅಂತಲ್ಲ. 2021ರಲ್ಲಿ ನಮ್ಮಂಥ ವೃತ್ತಿಗಳಿಗಾಗಿಯೇ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಡಿಪ್ಲೊಮಾ ಮಟ್ಟದವರಿಗೆ ಕನಿಷ್ಠ 2,000 ಗಂಟೆ, ಡಿಗ್ರಿ ಮಟ್ಟದವರಿಗೆ ಕನಿಷ್ಠ 3,600 ಗಂಟೆ ಕಲಿಕೆ ಇರಬೇಕು ಅಂತ ಅದರಲ್ಲಿದೆ. ಒಳ್ಳೆಯದೇ. ಆದರೆ ಪ್ಲಾಸ್ಟಿಕ್ ಹೊದ್ದ ಮಷಿನ್ ಮುಂದೆ ಕಳೆದ ಗಂಟೆಯೂ ಹಾಜರಿ ಪುಸ್ತಕದಲ್ಲಿ ಗಂಟೆಯೇ ಅಲ್ವಾ?

ಇನ್ನು ಬ್ಯಾಡ್ಜಿನ ಮಾತು. ನಿಮ್ಮ ಲೇಖನದಲ್ಲಿ ವಿಕಿರಣ ಅನ್ನುವ ಪದವೇ ಇಲ್ಲ. ವಿಕಿರಣದ ನಡುವೆ ಕೆಲಸ ಮಾಡುವವರು ಎದೆಯ ಮೇಲೆ, ಏಪ್ರನ್ ಒಳಗೆ, ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಳ್ಳುತ್ತೇವೆ. ನಮ್ಮ ಮೈಗೆ ಎಷ್ಟು ವಿಕಿರಣ ಬಿತ್ತು ಅನ್ನುವುದನ್ನು ಅದು ಲೆಕ್ಕ ಇಡುತ್ತದೆ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ರಿಪೋರ್ಟ್ ಬರುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ, ಐದು ವರ್ಷದ ಸರಾಸರಿ ತೆಗೆದರೆ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ವಿಕಿರಣ ಅಳೆಯುವ ಮಾನ). ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಸರಿಯಾಗಿ ಕೆಲಸ ಮಾಡಿದರೆ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಹೆದರಬೇಕಾಗಿಲ್ಲ. ನಾನು ಈ ಕೆಲಸದಲ್ಲಿದ್ದೇ ಎರಡು ಮಕ್ಕಳನ್ನು ಹೆತ್ತಿದ್ದೇನೆ, ಇಬ್ಬರೂ ಗುಂಡುಕಲ್ಲಿನ ಹಾಗಿದ್ದಾರೆ.

ಒಂದು ಸಲ ಮಾತ್ರ ನನ್ನ ರಿಪೋರ್ಟ್ ಸಿಕ್ಕಾಪಟ್ಟೆ ಏರಿಬಿಟ್ಟಿತ್ತು. ಕೆಲಸಕ್ಕೆ ಸೇರಿದ ಹೊಸತು. ವಿವರಣೆ ಕೊಡಿ ಅಂತ ಕಾಗದ ಬಂತು. ನೋಡಿದರೆ ನಾನು ಬ್ಯಾಡ್ಜನ್ನು ಏಪ್ರನ್ನಿಗೆ ಸಿಕ್ಕಿಸಿ, ಏಪ್ರನ್ನನ್ನು ಎಕ್ಸ್‌ರೇ ಕೋಣೆಯ ಒಳಗೇ ನೇತು ಹಾಕಿ, ಮದುವೆಗೆ ಅಂತ ಊರಿಗೆ ಹೋಗಿದ್ದೆ. ನಾನು ಕುಣಿಗಲ್‌ನಲ್ಲಿ ಹೋಳಿಗೆ ತಿನ್ನುತ್ತಿದ್ದಾಗ ನನ್ನ ಬ್ಯಾಡ್ಜ್ ಇಲ್ಲಿ ವಿಕಿರಣ ತಿನ್ನುತ್ತಿತ್ತು. ಅವತ್ತು ಮೇಡಂ ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ.

ಆದರೆ ಬ್ಯಾಡ್ಜೇ ಇಲ್ಲದಿದ್ದರೆ? ಎರಡು ವರ್ಷದ ಹಿಂದೆ ಒಬ್ಬಳು ಡಿಪ್ಲೊಮಾ ಹುಡುಗಿ ನಮ್ಮಲ್ಲಿಗೆ ಬಂದಳು. ಮಗುವಿನ ಎಕ್ಸ್‌ರೇಗೆ ತಾನೇ ಹೋಗಿ ಮಗುವಿನ ಕಾಲು ಹಿಡಿದು ನಿಂತಳು, ಏಪ್ರನ್ ಕೂಡ ಹಾಕದೆ. ಓಡಿಹೋಗಿ ಎಳೆದುಕೊಂಡು ಬಂದೆ. ಮಗುವನ್ನು ಹಿಡಿಯಬೇಕಾದರೆ ಮನೆಯವರಿಗೆ ಏಪ್ರನ್ ಹಾಕಿಸಿ ಹಿಡಿಸಬೇಕು, ಅವರು ಗರ್ಭಿಣಿ ಆಗಿರಬಾರದು. ನಾವು ಹಿಡಿಯುತ್ತಾ ಕೂತರೆ ದಿನಕ್ಕೆ ಇಪ್ಪತ್ತು ಸಲ ಆಗುತ್ತದೆ. ‘ನಮ್ಮ ಸೆಂಟರಿನಲ್ಲಿ ದಿನಾ ನಾವೇ ಹಿಡ್ಕೊಳ್ಳೋದು ಮೇಡಂ’ ಅಂದಳು. ಬ್ಯಾಡ್ಜ್ ಎಲ್ಲಿ ಅಂದರೆ ‘ಆಫೀಸಿನಲ್ಲಿದೆ ಅಂತಾರೆ, ನಾವು ನೋಡಿಲ್ಲ’ ಅಂದಳು.

ಎಸ್‌ಎಸ್‌ಎಲ್‌ಸಿ ಮುಗಿಸಿ ನೇರ ಡಿಪ್ಲೊಮಾ ಸೇರುವ ಮಕ್ಕಳೂ ಇದ್ದಾರೆ. ಅವರ ತಂದೆತಾಯಿಗೆ ಇದನ್ನು ಹೇಳಲೇಬೇಕು. 2004ರ ವಿಕಿರಣ ರಕ್ಷಣಾ ನಿಯಮದ ಪ್ರಕಾರ 18 ತುಂಬದವರನ್ನು ವಿಕಿರಣದ ಕೆಲಸಕ್ಕೆ ನೇಮಿಸುವ ಹಾಗಿಲ್ಲ. 16 ತುಂಬದವರನ್ನು ಟ್ರೈನಿಯಾಗಿ ಕೂಡ ತಗೊಳ್ಳುವ ಹಾಗಿಲ್ಲ. ಹದಿನಾರು ಹದಿನೇಳರ ಮಕ್ಕಳಿಗೆ ಮಿತಿಯೂ ಕಡಿಮೆ, ವರ್ಷಕ್ಕೆ 6 ಮಿಲಿಸೀವರ್ಟ್. ಬ್ಯಾಡ್ಜೇ ಇಲ್ಲದಿದ್ದರೆ ಆರೋ ಅರವತ್ತೋ ಯಾರು ಲೆಕ್ಕ ಹಾಕುತ್ತಾರೆ?

ಹೆಣ್ಣುಮಕ್ಕಳಿಗೆ ಈ ಕೆಲಸ ಆಗುತ್ತಾ ಅಂತ ಕೇಳುತ್ತಾರೆ. ಹೆಣ್ಣುಮಕ್ಕಳೇ ಬೇಕು. ಹೊಟ್ಟೆ, ಸೊಂಟದ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನಿಗೆ ಮೊದಲು ಹೆಂಗಸರನ್ನು ‘ಮುಟ್ಟಾಗಿ ಎಷ್ಟು ದಿನ ಆಯ್ತು, ಏನಾದರೂ ವಿಶೇಷ ಇದೆಯಾ’ ಅಂತ ಕೇಳಲೇಬೇಕು. ಹೊಸದಾಗಿ ಮದುವೆಯಾದ ಹುಡುಗಿ, ಪಕ್ಕದಲ್ಲಿ ಅತ್ತೆ. ಅತ್ತೆ ಎದುರಿಗೆ ಕೇಳಿದರೆ ಹುಡುಗಿ ತಲೆ ಬಗ್ಗಿಸಿ ‘ಏನಿಲ್ಲ’ ಅಂದುಬಿಡುತ್ತಾಳೆ. ಮೇಡಂ ಅತ್ತೆಯನ್ನು ‘ಬಿಲ್ಲಿಗೆ ಸೀಲ್ ಹಾಕಿಸ್ಕೊಂಡು ಬನ್ನಿ ಅಮ್ಮ’ ಅಂತ ಕೌಂಟರಿಗೆ ಕಳಿಸುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳುತ್ತಿದ್ದರು. ಹಾಗೆ ಕೇಳಿದ್ದಕ್ಕೆ ಒಂದು ಸಲ ಹುಡುಗಿ ಅತ್ತುಬಿಟ್ಟಳು, ಹತ್ತು ದಿನ ತಪ್ಪಿತ್ತು, ಗಂಡನಿಗೂ ಹೇಳಿರಲಿಲ್ಲ. ಎಕ್ಸ್‌ರೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿದೆವು. ಆ ಸೀಲಿನ ಉಪಾಯ ನಾನು ಕಲಿತದ್ದು ಮೇಡಂ ಪಕ್ಕದಲ್ಲಿ ನಿಂತು. ನಿಲ್ಲಲು ಮೇಡಂ ಇರಬೇಕು, ಬರಲು ರೋಗಿಗಳೂ ಇರಬೇಕು.

ಎಂಆರ್‌ಐ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಎಕ್ಸ್‌ರೇ ಇಲ್ಲ, ಆದರೆ ಅಯಸ್ಕಾಂತ ರಾತ್ರಿ ಹಗಲು ಆನ್ ಇರುತ್ತದೆ. 2018ರಲ್ಲಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಯೊಳಗೆ ಹೋದ ರೋಗಿಯ ಸಂಬಂಧಿಯೊಬ್ಬರು ಪ್ರಾಣ ಕಳೆದುಕೊಂಡರು. ಬಾಗಿಲಲ್ಲಿ ನಿಂತು ‘ಬೇಡ’ ಅನ್ನುವುದು ನಮ್ಮ ಕೆಲಸ.

ಸಂಬಳದ ಬಗ್ಗೆ ಬಾಕ್ಸಿನಲ್ಲಿ ‘ಆಕರ್ಷಕ’ ಅಂತ ಹಾಕಿದ್ದೀರಿ. ನಾನು ಸೇರಿದಾಗ ತಿಂಗಳಿಗೆ 2,800 ರೂಪಾಯಿ. ಈಗ ನನಗೆ ಗೊತ್ತಿರುವ ಹುಡುಗರು ಖಾಸಗಿಯಲ್ಲಿ ಮೊದಲ ಕೆಲಸಕ್ಕೆ 15ರಿಂದ 20 ಸಾವಿರಕ್ಕೆ ಸೇರುತ್ತಿದ್ದಾರೆ, ಅದರಲ್ಲೇ ನೈಟ್ ಡ್ಯೂಟಿ, ಪಿಜಿ ಬಾಡಿಗೆ ಎಲ್ಲ. ಸಿಟಿ, ಎಂಆರ್‌ಐ ಕೈ ಹಿಡಿದವರಿಗೆ ಆಮೇಲೆ ಜಾಸ್ತಿ ಆಗುತ್ತದೆ. ಹೊರದೇಶಕ್ಕೆ ಹೋದವರೂ ಇದ್ದಾರೆ. ಇದಿಷ್ಟು ಬರೆದರೆ ಸಾಕು, ‘ಆಕರ್ಷಕ’ ಬೇಡ.

ಮುಂದಿನ ಸಲ ಪುರವಣಿ ಮಾಡುವಾಗ ಕಾಲೇಜಿಗೆ ಹೋಗಿ ಏನೇನು ಕೇಳಬೇಕು ಅಂತ ಹಾಕಿ. ಆಸ್ಪತ್ರೆ ನಿಮ್ಮದೇನಾ? ದಿನಕ್ಕೆ ಎಷ್ಟು ಎಕ್ಸ್‌ರೇ, ಎಷ್ಟು ಸಿಟಿ? ಮಗುವಿನ ಹೆಸರಿನಲ್ಲೇ ಬ್ಯಾಡ್ಜ್ ಕೊಡುತ್ತೀರಾ, ರಿಪೋರ್ಟ್ ತೋರಿಸುತ್ತೀರಾ? ಇಂಟರ್ನ್‌ಶಿಪ್ಪಿನಲ್ಲಿ ಎಲ್ಲ ಮಷಿನ್ ಮುಟ್ಟಿಸುತ್ತೀರಾ, ಇಲ್ಲ ವರ್ಷಪೂರ್ತಿ ರಿಜಿಸ್ಟರ್ ಬರೆಸಿ ಬಿಟ್ಟಿ ಕೆಲಸ ಮಾಡಿಸಿಕೊಳ್ಳುತ್ತೀರಾ? ಇಷ್ಟು ಕೇಳಿದರೆ ಅವರು ಸೀಲಿಂಗ್ ನೋಡುತ್ತಾರೋ ನಿಮ್ಮ ಮುಖ ನೋಡುತ್ತಾರೋ ಗೊತ್ತಾಗುತ್ತದೆ. ಮತ್ತೆ, ಹೇಳದೇ ಕೇಳದೇ ಸೋಮವಾರ ಬೆಳಗ್ಗೆ ಹತ್ತಕ್ಕೆ ಹೋಗಿ ಎಕ್ಸ್‌ರೇ ಕೋಣೆಯ ಮುಂದೆ ಅರ್ಧ ಗಂಟೆ ನಿಂತುಕೊಳ್ಳಿ ಅಂತಲೂ ಹಾಕಿ.

ಅಕ್ಕನ ಮಗಳನ್ನು ಹೋದ ವಾರ ನಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕಾರಿಡಾರಿನಲ್ಲಿ ನಾಲ್ಕು ಗಂಟೆ ನಿಂತಳು. ‘ಕಾಲು ನೋಯ್ತಿದೆ ಚಿಕ್ಕಮ್ಮ’ ಅಂದಳು. ನಂಗೂ ನೋಯುತ್ತೆ ಪುಟ್ಟಿ ಅಂದೆ. ಇನ್ನೂ ಏನೂ ತೀರ್ಮಾನ ಮಾಡಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ಅಲ್ಟ್ರಾಸೌಂಡ್ ವಿಷಯದ ತಿದ್ದುಪಡಿಯನ್ನು ಮಾತ್ರ ತಡಮಾಡದೆ, ಅದೇ ಪುಟದಲ್ಲಿ, ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿ. ಆ ಪುಟವನ್ನು ಅಕ್ಕ ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ, ನಾನು ಹೇಳಿದರೆ ತೆಗೆಯುತ್ತಿಲ್ಲ. ‘ಪೇಪರ್‌ನಲ್ಲಿ ಬಂದಿದೆ’ ಅನ್ನುತ್ತಾಳೆ.

ಇಂತಿ,
ಒಬ್ಬ ಎಕ್ಸ್‌ರೇ ಟೆಕ್ನಾಲಜಿಸ್ಟ್
ರಾಜಾಜಿನಗರ, ಬೆಂಗಳೂರು
(ಇನ್ನೂ ಕೆಲಸದಲ್ಲಿದ್ದೇನೆ, ಹೆಸರು ಹಾಕಬೇಡಿ)